ಕಲಿವ ಮಕ್ಕೊಗೆ ಎಂತಕೆ ಸಂಬಳ ಹೇಳಿ ಎನ್ನತ್ರೆ ಕೇಳೆಡಿ

ಕಳುದ ವಾರ ಒಂದು ಉಪನಯನಲ್ಲಿ ಹಂತಿಲಿ ಕೂದಿಪ್ಪಗ ಹತ್ತರೆ ಇದ್ದ ಅತ್ತೆ ಕೇಳಿದವು, "ನಿನ್ನ ಮಗಳು ಈಗ ಕಾಲೇಜಿಂಗೆ ಹೋಪದೋ, ಕೆಲಸಕ್ಕೆ ಹೋಪದೋ?" ಎರಡುದೆ ಹೇಳಿದೆ. ಡಿಗ್ರಿಯ ಮೂರನೇ ವರ್ಷ ಪೂರ ಮಂಗ್ಳೂರಿಲಿ ಒಂದು ಕಂಪೆನಿಲಿ ಕೆಲಸ, ಶನಿವಾರ ಮಾತ್ರ ಕ್ಲಾಸು, ತಿಂಗಳಿಂಗೆ ಒಂಬತ್ತು ಸಾವಿರ ಕೊಡ್ತವು ಹೇಳಿ ವಿವರ್ಸಿದೆ. ಅಷ್ಟಪ್ಪಗ ಎದುರಾಣ ಹಂತಿಂದ ಒಂದು ಅಕ್ಕ (ಹೆಸರು ಬೇಡ, ಅವು ಇದರ ಓದುಗು) ಹೇಳಿದವು, "ಕೆಲಸ ಕಲಿಶಿಕೊಡುದೇ ದೊಡ್ಡ ಉಪಕಾರ. ಅದರ ಮೇಲೆ ಪೈಸೆಯುದೆ ಕೇಳುದೋ? ನಮ್ಮ ಮಕ್ಕೊ ಪೈಸೆಯ ಹಿಂದೆ ಬೀಳೆಕ್ಕಾದ ಅಗತ್ಯ ಎಂತ ಇದ್ದು?"

ಬಾಯಿಲಿ ಹೋಳಿಗೆ ಇತ್ತು, ಜಂಬ್ರದ ಮನೆ ಬೇರೆ. ಎಂತದೂ ಹೇಳಿದ್ದಿಲ್ಲೆ. ಈಗ ಹೇಳ್ತೆ.

ಅಕ್ಕನ ಮಾತಿಂಗೆ ಕೋಪ ಬಂದದು ಅಪ್ಪು. ಆದರೆ ಅದೇ ಮಾತಿನ ಆರು ತಿಂಗಳು ಮದಲು ಆನೇ ಹೇಳಿತ್ತಿದ್ದೆ. ಕಾಲೇಜಿಂದ ಸುರುವಿಂಗೆ ತೋರ್ಸಿದ ಜಾಗೆಲಿ ಸ್ಟೈಪೆಂಡ್ ಇತ್ತಿಲ್ಲೆ. "ಅನುಭವ ಸಿಕ್ಕುತ್ತು, ಸರ್ಟಿಫಿಕೇಟು ಕೊಡ್ತವು, ದಸ್ಕತ್ತು ಹಾಕಿ" ಹೇಳಿದವಡ. ಮಗಳು ಫೋನು ಮಾಡಿ ಕೇಳುವಗ ಆನು ಹೇಳಿದೆ, "ಒಪ್ಪಿಗೊ ಮಗಳೇ, ಒಂದು ವರ್ಷ ಅಲ್ಲದೋ, ಪಿ.ಜಿ.ಯ ಪೈಸೆ ಅಪ್ಪ ಕೊಡುಗು."

ಅದು ರಜ ಹೊತ್ತು ಮಾತಾಡಿದ್ದಿಲ್ಲೆ. ಮತ್ತೆ ಕೇಳಿತ್ತು, "ಎನ್ನ ಅಪ್ಪ ಕೊಡುಗು ಅಮ್ಮಾ. ಎನ್ನ ಬೆಂಚಿಲಿ ಕೂಪ ಕೂಸಿನ ಅಬ್ಬೆ ನಮ್ಮ ತೋಟಕ್ಕೆ ಅಡಕ್ಕೆ ಹೆರ್ಕುಲೆ ಬಪ್ಪದು. ಅದಕ್ಕೆ ಆರು ಕೊಡುದು?"

ಅಕ್ಕಂದ್ರೇ, ಎನಗೆ ಈ ಪ್ರಶ್ನೆ ತಟ್ಟಿದ ಹಾಂಗೆ ಏವ ಭಾಷಣವುದೆ ತಟ್ಟಿದ್ದಿಲ್ಲೆ. ಲೆಕ್ಕ ಹಾಕಿ ನೋಡಿ. ಪಿ.ಜಿ.ಗೆ ಊಟ ಸೇರಿ ಆರೂವರೆ ಸಾವಿರ. ಬಸ್ಸಿಂಗೆ ಸಾವಿರದ ಹತ್ತರೆ. ಆಫೀಸಿಂಗೆ ಹೋಪಲೆ ಎರಡು ಜೊತೆ ಒಳ್ಳೆ ವಸ್ತ್ರ, ಒಂದು ಜೊತೆ ಮೆಟ್ಟು. ಪುಕ್ಕಟೆ ಕೆಲಸ ಹೇಳಿರೆ ಪುಕ್ಕಟೆ ಅಲ್ಲ, ತಿಂಗಳಿಂಗೆ ಏಳೆಂಟು ಸಾವಿರ ನಾವೇ ಕೊಟ್ಟು ಮಕ್ಕಳ ಕೆಲಸಕ್ಕೆ ಕಳುಸುದು. ಅಡಕ್ಕೆ ತೋಟ ಇಪ್ಪವಕ್ಕೆ ಅದು ಎಡಿಗು. ಅಡಕ್ಕೆ ಹೆರ್ಕುವವಕ್ಕೆ ಎಡಿಯ. "ಪೈಸೆಯ ಹಿಂದೆ ಬೀಳೆಡಿ" ಹೇಳುದು ಪೈಸೆ ಇಪ್ಪವರ ಬಾಯಿಗೆ ಮಾತ್ರ ಚೆಂದ.

"ಕಲಿವದು" ಹೇಳ್ತ ಶಬ್ದದ ಮೇಲೆ ಎನಗೆ ಹಳೇ ಸಿಟ್ಟುದೆ ಒಂದು ಇದ್ದು. ಪಿಯುಸಿ ಮುಗುಶಿ ಮನೆಲಿ ಕೂದಿಪ್ಪಗ ಪೇಟೆಲಿ ಒಂದು ಟೈಲರ್ ಅಂಗಡಿಗೆ ಹೊಲಿಗೆ ಕಲಿವಲೆ ಹೋತೆ. ಫೀಸು ಕೊಟ್ಟು ಹೋದ್ದು, ನೆಂಪಿರಲಿ. ಎಂಟು ತಿಂಗಳು ಎನ್ನ ಕೈಲಿ ಮಾಡ್ಸಿದ್ದು ಎಂತ? ಹುಕ್ಕು ಹಾಕುದು, ಸೀರೆಗೆ ಫಾಲ್ಸ್ ಹಿಡಿವದು, ರವಕೆಯ ಕೈಗೆ ಹೆಮ್ಮಿಂಗ್. ಚೌತಿ ಎದುರು ದಿನಕ್ಕೆ ಇಪ್ಪತ್ತು ರವಕೆ ಎಂಗೊ ನಾಲ್ಕು ಕೂಸುಗಳ ಕೈಲಿಯೇ ಮುಗುಕ್ಕೊಂಡಿತ್ತು. ಗಿರಾಕಿಗೊ ಪೈಸೆ ಕೊಟ್ಟದು ಅಂಗಡಿಗೆ. ಕಟಿಂಗ್ ಯಾವಾಗ ಕಲಿಶುದು ಕೇಳಿರೆ "ಬಪ್ಪ ತಿಂಗಳು" ಹೇಳುಗು. ಬಪ್ಪ ತಿಂಗಳು ಬೈಂದೇ ಇಲ್ಲೆ, ಅಷ್ಟಪ್ಪಗ ಎನ್ನ ಮದುವೆ ನಿಘಂಟಾತು. ಇಂದಿಂಗೂ ಎನ್ನ ರವಕೆಯ ಕತ್ತರ್ಸುಲೆ ಎನಗೆ ಅರಡಿಯ. ಹುಕ್ಕು ಮಾತ್ರ ಕಣ್ಣು ಮುಚ್ಚಿಗೊಂಡು ಹಾಕುವೆ.

ಹಾಂಗಾಗಿ ಕಲಿಶಿಕೊಡುದು ಉಪಕಾರ ಹೇಳುವಗ ಆನು ಕೇಳುದು ಎರಡೇ. ಕಲಿಶಿದವೋ? ಕಲಿಶುವಗ ಮಾಡ್ಸಿದ ಕೆಲಸದ ಲಾಭ ಆರಿಂಗೆ ಹೋತು?

ಮಗಳು ಆ ಕಾಗತಕ್ಕೆ ದಸ್ಕತ್ತು ಹಾಕಿದ್ದಿಲ್ಲೆ. ನಾಲ್ಕು ಕೂಸುಗೊ, ಇಬ್ರು ಮಾಣಿಯಂಗೊ ಒಟ್ಟಿಂಗೆ ಕೂದು ನಿಯಮ ಹುಡ್ಕಿದವು. ಅದು ಎನಗೆ ಓದಿ ಹೇಳಿದ್ದರ ನಿಂಗೊಗುದೆ ಹೇಳ್ತೆ, ಮನೆಲಿ ಡಿಗ್ರಿ ಮಕ್ಕೊ ಇಪ್ಪವಕ್ಕೆ ಬೇಕಕ್ಕು. ಅಪ್ರೆಂಟಿಸ್ ಕಾನೂನು 1961ರದ್ದು. ಈಗ ಯುಜಿಸಿ ಡಿಗ್ರಿಯೊಳವೇ ಈ ಅಪ್ರೆಂಟಿಸ್ ಕೆಲಸವ ಸೇರ್ಸಿದ್ದು, ಮೂರು ವರ್ಷದ ಡಿಗ್ರಿಲಿ ಒಂದರಿಂದ ಮೂರು ಸೆಮಿಸ್ಟರಿನವರೆಗೆ. 2019ರ ನಿಯಮಲ್ಲಿ ಡಿಗ್ರಿ ಅಪ್ರೆಂಟಿಸಿಂಗೆ ತಿಂಗಳಿಂಗೆ 9,000 ರೂಪಾಯಿ, ಅದು ಕನಿಷ್ಠ, ಅದರಿಂದ ಜಾಸ್ತಿ ಕೊಡ್ಲಕ್ಕು. ಆ ಕನಿಷ್ಠದ ಅರ್ಧ ಕೇಂದ್ರ ಸರ್ಕಾರದ ಪಾಲು. ಏರ್ಸೆಕ್ಕು ಹೇಳಿ 2025ಲ್ಲಿ ಕೇಂದ್ರದ ಅಪ್ರೆಂಟಿಸ್ ಮಂಡಳಿಯೇ ಶಿಫಾರಸು ಮಾಡಿದ್ದು. ಒಂದು ತಿಂಗಳ ಸ್ಟೈಪೆಂಡ್ ಮತ್ತಾಣ ತಿಂಗಳು ಹತ್ತನೇ ತಾರೀಕಿನ ಒಳ ಕೊಡೆಕ್ಕು. ಇಷ್ಟು ಮಾಡಿರೆ ಇಷ್ಟು ಪೈಸೆ ಹೇಳಿ ತುಂಡು ಲೆಕ್ಕಲ್ಲಿ ಕೊಡ್ಲಾಗ. ಒಪ್ಪಂದದ ಕಾಗತ ಆಯೆಕ್ಕು, ಅದು ನೋಂದಣಿ ಆಯೆಕ್ಕು. ಕೆಲಸದ ಜಾಗೆಲಿ ಪೆಟ್ಟಾದರೆ ಪರಿಹಾರ ಕೊಡೆಕ್ಕಾದ್ದು ಕಂಪೆನಿ.

ಅದೇ ಕಾನೂನಿಲಿ ಕಂಪೆನಿಗೊಕ್ಕೆ ಎಷ್ಟು ಅನುಕೂಲ ಇದ್ದು ಹೇಳಿಯುದೆ ನೋಡೆಕ್ಕು. ಅಪ್ರೆಂಟಿಸ್ ಹೇಳಿರೆ ಕಲಿವ ಜೆನ, ಕಾರ್ಮಿಕ ಅಲ್ಲ ಹೇಳಿ ಸ್ಪಷ್ಟ ಬರದ್ದು. ಅವಧಿ ಮುಗುದ ಮೇಲೆ ಕೆಲಸ ಕೊಡೆಕ್ಕು ಹೇಳ್ತ ಕಡ್ಡಾಯ ಇಲ್ಲೆ. ಕಾರ್ಮಿಕಂಗೆ ಸಿಕ್ಕುದರಲ್ಲಿ ಸುಮಾರು ಇವಕ್ಕೆ ಸಿಕ್ಕುತ್ತಿಲ್ಲೆ. ಅಷ್ಟೆಲ್ಲ ಬಿಟ್ಟಮೇಲೆ ಮಕ್ಕಳ ಕೈಗೆ ಒಳಿವದು ಈ ಸ್ಟೈಪೆಂಡ್ ಒಂದು. ಅದನ್ನೂ ಬಿಟ್ಟುಕೊಡಿ ಹೇಳ್ಲೆ ಅಬ್ಬೆಕ್ಕೊ ನಾವೇ ಹೆರಟರೆ ಹೇಂಗಕ್ಕು?

"ಸುರುವಿಂಗೆ ಅವಕ್ಕೆ ಎಂತ ಅರಡಿತ್ತು? ಕಂಪೆನಿಗೆ ನಷ್ಟವೇ ಅಲ್ಲದೋ?" ಹೇಳಿ ಎನ್ನ ಯಜಮಾನ್ರೇ ಕೇಳಿದವು. ಮಾತು ಸಮ. ಸುರುವಾಣ ತಿಂಗಳು ಮಗಳು ಬಿಲ್ಲು ತಪ್ಪುಸಿದ ಕತೆ ಎನಗುದೆ ಗೊಂತಿದ್ದು. ಅದಕ್ಕೇ ಅಲ್ಲದೋ ಸರ್ಕಾರ ಅರ್ಧ ಹೊರುದು? ನಾಲ್ಕನೇ ತಿಂಗಳು ಅದೇ ಬಿಲ್ಲುಗಳ ಅದು ಒಂದೇ ಕೂದೊಂಡು ಮಾಡಿತ್ತು. ಆ ಲಾಭವ ಆರೂ ಲೆಕ್ಕ ಹಾಕುತ್ತವಿಲ್ಲೆ.

ಎನ್ನ ಅಕ್ಕನ ಮಗ ಜರ್ಮನಿಯ ಸ್ಟುಟ್‌ಗಾರ್ಟಿಲಿ ಇಪ್ಪದು. ಅವನ ಆಫೀಸಿಂಗೆ ಅಲ್ಯಾಣ ಕಾಲೇಜು ಮಕ್ಕೊ ಬತ್ತವಡ, ಮೂರು ತಿಂಗಳು ಪಾಠ, ಮೂರು ತಿಂಗಳು ಕೆಲಸ. ಪಾಠದ ತಿಂಗಳಿಲಿಯುದೆ ಕಂಪೆನಿ ಸಂಬಳ ಕೊಡ್ತಡ. ಅಲ್ಲಿ ಆ ಮಕ್ಕಳ ಆರೂ ಪೈಸೆಗೆ ಬಿದ್ದವು ಹೇಳ್ತವಿಲ್ಲೆಡ. ಅಷ್ಟು ದೂರ ಎಂತಕೆ, ಎನ್ನ ದೊಡ್ಡಮಾವ ಬೊಂಬಾಯಿಲಿ ಹಗಲು ಹೋಟ್ಲಿಲಿ ಕೆಲಸ ಮಾಡಿ, ಇರುಳಾಣ ಶಾಲೆಲಿ ಕಲ್ತು, ಬೇಂಕಿಂಗೆ ಸೇರಿದ್ದು. ಅವರ ಸಾಹಸವ ಹೇಳದ್ದ ಜಂಬ್ರ ಇಲ್ಲೆ ನಮ್ಮ ಕುಟುಂಬಲ್ಲಿ. ಹೋಟ್ಲಿನವು ಸಂಬಳ ಕೊಟ್ಟದು ತಪ್ಪು ಹೇಳಿ ಆರೂ ಹೇಳಿದ್ದಿಲ್ಲೆ. ಕೂಸುಗೊಕ್ಕೆ ಅಪ್ಪಗ ಮಾತ್ರ ಸಂಬಳ ಅತಿಯಾಸೆ ಆವ್ತು.

ಆರು ಮಕ್ಕೊ ನಿಯಮದ ಪ್ರತಿ ಹಿಡ್ಕೊಂಡು ಪ್ರಿನ್ಸಿಪಾಲರ ಹತ್ತರೆ ಹೋದವು. ಮೂರು ವಾರ ಓಡಾಡ್ಸಿದವು. ನಾಲ್ಕು ಜೆನಕ್ಕೆ ಒಂಬತ್ತು ಸಾವಿರದ ಜಾಗೆ ಸಿಕ್ಕಿತ್ತು, ಎನ್ನ ಮಗಳಿಂಗುದೆ, ಅದರ ಬೆಂಚಿನ ಕೂಸಿಂಗುದೆ. ಮಾಣಿಯಂಗೊ ಇಬ್ರು ಕಾವಲೆ ಎಡಿಯದ್ದೆ ಪುಕ್ಕಟೆ ಜಾಗೆಗೇ ಸೇರಿದವು. ಒಬ್ಬ ಈಗಳೂ ಮಾಲಿಲಿ ಡಬ್ಬಿ ಜೋಡ್ಸುತ್ತಾ ಇದ್ದ. ಬಿಕಾಂ ಮೂರನೇ ವರ್ಷ.

ಸುರುವಾಣ ಸ್ಟೈಪೆಂಡ್ ಬಂದ ದಿನ ಆ ಕೂಸಿನ ಅಬ್ಬೆ ಅಡಕ್ಕೆ ಹೆರ್ಕಿಗೊಂಡಿಪ್ಪಗಳೇ ಸೊಂಟದ ಚೀಲಂದ ಫೋನು ತೆಗದು ಎನಗೆ ಮೆಸೇಜು ತೋರ್ಸಿತ್ತು. ಓದ್ಲೆ ಅದಕ್ಕೆ ಬತ್ತಿಲ್ಲೆ, ಆನು ಓದಿ ಹೇಳಿದೆ. "ಇನ್ನೊಂದರಿ ಓದಿ ಅಕ್ಕಾ" ಹೇಳಿತ್ತು.

ಇನ್ನು ನಮ್ಮ ಮನೆಗಳ ಸಂಗತಿ. ಕೆಲಸ ಹೇಳಿರೆ ಕೆಲಸ. "ಅಪ್ರೆಂಟಿಸ್ ಅಲ್ಲದೋ, ಒಂದು ದಿನ ರಜೆ ಹಾಕಲಿ" ಹೇಳಿ ಗೃಹಪ್ರವೇಶಕ್ಕೆ, ಸೀಮಂತಕ್ಕೆ ದಿನಿಗೇಳುವವು ಬೇಂಕಿಲಿಪ್ಪ ಮಾಣಿಯ ಹಾಂಗೆ ದಿನಿಗೇಳ್ತವೋ? ಹಗಲು ಕಂಪೆನಿ, ಇರುಳು ಪಾಠ, ಶನಿವಾರ ಕ್ಲಾಸು, ಇಪ್ಪದು ಒಂದು ಆದಿತ್ಯವಾರ. ಅದರಲ್ಲಿ ಅರ್ಧ ದಿನ ಕೂಸು ಒರಗುತ್ತು. ಒರಗಲಿ.

ಬಪ್ಪ ತಿಂಗಳು ದೊಡ್ಡಮ್ಮನ ಮನೆಲಿ ಪೂಜೆ, ಬುಧವಾರ. ಮಗಳು ಬತ್ತಿಲ್ಲೆ, ಅದಕ್ಕೆ ಆಫೀಸಿಲಿ ತಿಂಗಳ ಅಕೇರಿಯ ಲೆಕ್ಕ ಇದ್ದು. ಆನು ಬತ್ತೆ. ಹೋಳಿಗೆ ಬೇಶುಲೆ ಜೆನ ಕಮ್ಮಿ ಆದರೆ ಹೇಳಿಕಳುಸಿ ದೊಡ್ಡಮ್ಮ, ಉದಿಯಪ್ಪಗ ಆರು ಗಂಟೆಯ ಬಸ್ಸಿಂಗೇ ಹೆರಡ್ತೆ.