ಆಫ್ರಿಕದ ಸಿಡುಬೂ ಲಸಿಕೆಯ ನ್ಯಾಯವೂ

ಎಂಪಾಕ್ಸ್ ಬೇನೆಯ ಸಂಬಂಧದ ಅಂತರರಾಷ್ಟ್ರೀಯ ತುರ್ತುಸ್ಥಿತಿಯು ಮುಗಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆಯವರು 2025ರ ಸೆಪ್ಟೆಂಬರ್ 5ರಂದು ಸಾರಿದರು. 2022ರಿಂದೀಚೆಗೆ ಇಂಥ ಘೋಷಣೆಯು ಎರಡು ಸಲ ಹೊರಟು, ಎರಡು ಸಲವೂ ಹಿಂತೆಗೆಯಲ್ಪಟ್ಟಂತಾಯಿತು. ರೋಗಿಗಳ ಸಂಖ್ಯೆ ಇಳಿದುದರಿಂದ ಈ ನಿರ್ಣಯವನ್ನು ಕೈಕೊಂಡರೆಂಬುದನ್ನು ನಾವು ಬಲ್ಲೆವು. ಅದನ್ನು ಆಕ್ಷೇಪಿಸುವುದು ನಮ್ಮ ಉದ್ದೇಶವಲ್ಲ. ಆದರೆ ಘೋಷಣೆಯು ಹಿಂತೆಗೆಯಲ್ಪಟ್ಟೊಡನೆ ಪತ್ರಿಕೆಗಳ ಅಂಕಣಗಳಿಂದ ಮಾಯವಾದ ಈ ಬೇನೆಯು ಕಾಂಗೋ ದೇಶದ ಹಳ್ಳಿಗಳಿಂದ ಮಾಯವಾಗಲಿಲ್ಲ. ಒಂದು ರೋಗವು ಜಗತ್ತಿನ ಗಮನಕ್ಕೆ ಯೋಗ್ಯವೋ ಅಲ್ಲವೋ ಎಂಬುದು ಅದರ ಉಗ್ರತೆಯಿಂದ ನಿಶ್ಚಿತವಾಗುತ್ತದೆಯೋ, ಇಲ್ಲವೆ ಅದಕ್ಕೆ ತುತ್ತಾದವರು ಯಾವ ದೇಶದವರೆಂಬುದರಿಂದಲೋ ಎಂಬುದನ್ನು ನಮ್ಮ ವಾಚಕರು ವಿಚಾರಿಸಬೇಕಾಗಿದೆ.

ಮೊದಲು ಹೆಸರಿನ ಗೊಂದಲವನ್ನು ಕಳೆಯಬೇಕು. ಈ ಬೇನೆಯನ್ನು ನಮ್ಮಲ್ಲಿ ಮಂಗನ ಸಿಡುಬೆಂದು ಕರೆದುದರಿಂದ ಮಲೆನಾಡಿನವರು ಇದನ್ನು ತಮಗೆ ಚಿರಪರಿಚಿತವಾದ ಮಂಗನ ಕಾಯಿಲೆಯೆಂದೇ ಬಗೆಯುವ ಸಂಭವವುಂಟು. ಅವೆರಡಕ್ಕೂ ಯಾವ ಸಂಬಂಧವೂ ಇಲ್ಲ. ಕ್ಯಾಸನೂರಿನ ಕಾಡಿನಲ್ಲಿ 1957ರಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆಯು ಉಣ್ಣೆಗಳ ಕಡಿತದಿಂದ ಬರುವ ಜ್ವರ. ಎಂಪಾಕ್ಸಿನ ವೈರಾಣುವಾದರೋ ಸಿಡುಬಿನ ಬಳಗಕ್ಕೆ ಸೇರಿದುದು. 1958ರಲ್ಲಿ ಕೋಪನ್‌ಹೇಗನ್ನಿನ ಪ್ರಯೋಗಶಾಲೆಯೊಂದರ ಮಂಗಗಳಲ್ಲಿ ಮೊದಲು ಕಂಡುಬಂದ ಮಾತ್ರಕ್ಕೆ ಮಂಗನ ಹೆಸರು ಅದಕ್ಕಂಟಿತು. ಅಡವಿಯ ಇಲಿ ಅಳಿಲುಗಳ ಜಾತಿಯವೇ ಅದರ ಸಹಜವಾದ ಆಶ್ರಯವಿರಬೇಕೆಂದು ವಿಜ್ಞಾನಿಗಳು ಊಹಿಸುತ್ತಾರೆ. ಇನ್ನು ನಮ್ಮ ಮನೆಗಳ ಮಕ್ಕಳಿಗೆ ಬರುವ ಸೀತಾಳೆ ಸಿಡುಬು, ಹೆಸರಿನಲ್ಲಿ ಸಿಡುಬಾದರೂ ಈ ಬಳಗದ್ದೇ ಅಲ್ಲ. ಎಮ್ಮೆಯ ಕೆಚ್ಚಲಿನ ಮೇಲೆ ಗುಳ್ಳೆಯೆಬ್ಬಿಸಿ ಹಾಲು ಕರೆಯುವವರ ಕೈಗಂಟುವ ಬೇನೆಯು ಮಾತ್ರ ಇದರ ದಾಯಾದಿಯೇ ಸರಿ. ನಮ್ಮ ಗಡಿಗೆ ತಾಗಿದ ಸೊಲ್ಲಾಪುರ, ಕೊಲ್ಲಾಪುರ ಜಿಲ್ಲೆಗಳಲ್ಲಿ 2009ರಲ್ಲಿ ಅದು ಎಮ್ಮೆಗಳಿಗೂ ಅವುಗಳನ್ನು ಸಾಕಿದವರಿಗೂ ತಗಲಿತ್ತು.

ಮನುಷ್ಯರಲ್ಲಿ ಎಂಪಾಕ್ಸ್ ಪ್ರಥಮತಃ ಗೊತ್ತಾದುದು 1970ರಲ್ಲಿ, ಕಾಂಗೋ ದೇಶದ ಬಸಾಂಕುಸು ಪ್ರಾಂತದ ಒಂಬತ್ತು ತಿಂಗಳ ಕೂಸಿನಲ್ಲಿ. ಹಳೆಯ ಸಿಡುಬಿನ ಲಸಿಕೆಯೇ ಇದಕ್ಕೂ ಶೇಕಡಾ 85ರ ಮಟ್ಟಿಗೆ ರಕ್ಷಣೆ ಕೊಡುತ್ತದೆಂದು 1980ರ ದಶಕದಲ್ಲಿ ಅದೇ ದೇಶದಲ್ಲಿ ನಡೆದ ಶೋಧನೆಗಳಿಂದ ತಿಳಿದುಬಂತು. ಆದರೆ 1980ರಲ್ಲಿ ಸಿಡುಬು ನಿರ್ಮೂಲವಾಯಿತೆಂದು ಸಾರಿದ ಮೇಲೆ ಆ ಲಸಿಕೆಯನ್ನು ಎಲ್ಲ ಕಡೆಯೂ ನಿಲ್ಲಿಸಲಾಯಿತು. ನಿಲ್ಲಿಸಿದ್ದು ತಪ್ಪೆಂದು ನಾವು ಹೇಳುವುದಿಲ್ಲ, ಅದಕ್ಕೆ ತಕ್ಕ ಕಾರಣಗಳಿದ್ದವು. ತತ್ಫಲವಾಗಿ, ತೋಳಿನ ಮೇಲೆ ದೇವಿ ಹಾಕಿದ ಗುರುತಿಲ್ಲದ ಜನರ ಸಂಖ್ಯೆ ವರ್ಷವರ್ಷಕ್ಕೂ ಬೆಳೆಯಿತು. ಅದರೊಡನೆ ಮಧ್ಯ ಆಫ್ರಿಕದ ಅಡವಿಯಂಚಿನ ಹಳ್ಳಿಗಳಲ್ಲಿ ಬೇನೆಯೂ ಬೆಳೆಯಿತು. ಸತ್ತವರಲ್ಲಿ ಬಹುಭಾಗ ಮಕ್ಕಳು. ಜಗತ್ತು ಇದನ್ನು ಅರಿಯದೆ ಇರಲಿಲ್ಲ. 2003ರಲ್ಲಿ ಘಾನಾ ದೇಶದಿಂದ ಸಾಕುವುದಕ್ಕೆಂದು ತರಿಸಿಕೊಂಡ ಇಲಿಗಳ ಮೂಲಕ ಅಮೆರಿಕದಲ್ಲಿ ಸುಮಾರು 47 ಮಂದಿಗೆ ರೋಗವಂಟಿದಾಗ ಆ ದೇಶವು ಎಚ್ಚತ್ತು, ಆಫ್ರಿಕದ ಇಲಿಗಳ ಆಮದನ್ನು ನಿಷೇಧಿಸಿತು. ಇಲಿಗಳು ನಿಂತುವು, ಆಫ್ರಿಕದ ಮಕ್ಕಳಿಗೆ ಲಸಿಕೆ ಹೋಗಲಿಲ್ಲ.

ಸೌಮ್ಯವಾದ ಹೊಸ ಲಸಿಕೆಯೊಂದು ಸಿದ್ಧವಾಗಿ 2019ರಲ್ಲಿ ಅಮೆರಿಕದಲ್ಲಿ ಸಿಡುಬಿಗೂ ಎಂಪಾಕ್ಸಿಗೂ ಮಂಜೂರಾಯಿತು. ಶತ್ರುವು ಸಿಡುಬನ್ನೇ ಆಯುಧವಾಗಿ ಪ್ರಯೋಗಿಸಿಯಾನೆಂಬ ಭಯದಿಂದ ಶ್ರೀಮಂತ ರಾಷ್ಟ್ರಗಳು ಅದನ್ನು ಕೂಡಿಟ್ಟವು. 2022ರ ಮೇ ತಿಂಗಳಲ್ಲಿ ಬೇನೆಯು ಲಂಡನ್ನಿನಲ್ಲಿ ಕಾಣಿಸಿಕೊಂಡು ಯುರೋಪು ಅಮೆರಿಕಗಳ ನಗರಗಳಿಗೆ ಹಬ್ಬಿದಾಗ ಕೆಲವೇ ವಾರಗಳಲ್ಲಿ ಉಗ್ರಾಣದ ಬಾಗಿಲು ತೆರೆಯಿತು. ಕಾಂಗೋ ದೇಶದ ರಾಜಧಾನಿಯಾದ ಕಿನ್ಶಾಸಕ್ಕೆ ಸುಮಾರು 99,000 ಡೋಸುಗಳ ಮೊದಲನೆಯ ಕಂತು ತಲುಪಿದುದು ಎಂದು? 2024ರ ಸೆಪ್ಟೆಂಬರ್ 5ರಂದು! ಮೊದಲನೆಯ ಕೂಸು ಕಾಯಿಲೆ ಬಿದ್ದು ಆಗಲೇ 54 ವರ್ಷಗಳು ಕಳೆದಿದ್ದವು. ಪರತಂತ್ರ್ಯದ ಕಾಲ ಮುಗಿಯಿತೆಂದು ಹೇಳುವವರು ಈ ಎರಡು ತೇದಿಗಳನ್ನು ಪಕ್ಕಪಕ್ಕದಲ್ಲಿರಿಸಿ ನೋಡಲಿ.

ಇದು ದೂರದ ಮಾತೆಂದು ಉದಾಸೀನರಾಗುವ ಹಕ್ಕು ನಮಗಂತೂ ಇಲ್ಲ. 1974ರಲ್ಲಿ ಈ ದೇಶದಲ್ಲಿ ಸುಮಾರು 1,88,000 ಜನರಿಗೆ ಸಿಡುಬು ತಗಲಿ 31,000ಕ್ಕೂ ಹೆಚ್ಚು ಮಂದಿ ಮಡಿದರು. ಅವರಲ್ಲಿ ಬಿಹಾರದವರೇ ಅಧಿಕ. ಅಮೆರಿಕ ಇಂಗ್ಲೆಂಡುಗಳಲ್ಲಿ ಆಗ ಅದು ಎಂದೋ ನೆಲೆ ತಪ್ಪಿತ್ತು. ಮನೆ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ ಅಮ್ಮನವರಿಗೆ ತಂಪು ಮಾಡಿ ಕೂತಿರುತ್ತಿದ್ದ ನಮ್ಮ ತಾಯಂದಿರನ್ನು ಮೌಢ್ಯದವರೆಂದು ಹಳಿಯುವವರ ಸಾಲಿಗೆ ನಾವು ಸೇರೆವು. ಕೈಯಲ್ಲಿ ಬೇರೆ ಉಪಾಯವಿಲ್ಲದವರು ಮಾಡಬಹುದಾದುದನ್ನು ಅವರು ಮಾಡಿದರು. ಉಪಾಯವು ಬಾಗಿಲಿಗೆ ಬಂದಾಗ ಅವರಲ್ಲಿ ಬಹುಮಂದಿ ತೋಳನ್ನೊಡ್ಡಿದರು. ಮನೆಮನೆಗೂ ಹೋಗಿ ರೋಗಿಗಳನ್ನು ಹುಡುಕಿ ಸುತ್ತಲಿನವರಿಗೆಲ್ಲ ಲಸಿಕೆ ಹಾಕಿದ ಸಹಸ್ರಾವಧಿ ನೌಕರರ ಶ್ರಮದಿಂದ 1975ರ ಮೇ ತಿಂಗಳಲ್ಲಿ ದೇಶದ ಕೊನೆಯ ಸಿಡುಬು ಮುಗಿಯಿತು. ಆ ಕಾರ್ಯಕ್ಕೆ ಸೋವಿಯತ್ ದೇಶವು ಲಸಿಕೆಯನ್ನು ಧಾರಾಳವಾಗಿ ದಾನವಿತ್ತಿತ್ತು. ಅನ್ಯರ ದಾನವೊಂದನ್ನೇ ನಂಬಿ ನಾವೂ ಕೂತಿರಲಿಲ್ಲ. ಪಟವಾಡಾಂಗರ್, ಗಿಂಡಿ, ಹೈದರಾಬಾದುಗಳ ಜೊತೆಗೆ ನಮ್ಮ ಬೆಳಗಾವಿಯ ಲಸಿಕಾ ಸಂಸ್ಥೆಯೂ ಬಿಸಿಲಿಗೆ ಕೆಡದ ಒಣ ಲಸಿಕೆಯನ್ನು ತಯಾರಿಸುತ್ತಿದ್ದಿತು. ಅದಿದ್ದ ಬಯಲನ್ನು ಬೆಳಗಾವಿಯವರು ಈಗಲೂ ವ್ಯಾಕ್ಸಿನ್ ಡಿಪೊ ಎಂದೇ ಕರೆಯುತ್ತಾರೆ. ಕನ್ನಡ ನೆಲದಲ್ಲಿ ತಯಾರಾದ ಔಷಧವು ಜಗತ್ತಿನ ಅತಿ ಘೋರವಾದ ರೋಗವೊಂದರ ಅಂತ್ಯಕ್ಕೆ ಸಾಧನವಾಯಿತೆಂಬುದು ನಮ್ಮ ಶಾಲೆಯ ಯಾವ ಪಠ್ಯಪುಸ್ತಕದಲ್ಲಿದೆ?

ಅಂಥ ಸರಕಾರಿ ಸಂಸ್ಥೆಗಳ ಗತಿ ಅನಂತರ ಏನಾಯಿತೆಂಬುದಕ್ಕೆ ಒಂದು ನಿದರ್ಶನ ಸಾಕು. ಕಸೌಲಿ, ಕೂನೂರು, ಗಿಂಡಿಗಳ ಮೂರು ಲಸಿಕಾ ಕೇಂದ್ರಗಳ ಪರವಾನಗಿಯನ್ನು 2008ರಲ್ಲಿ ಕೇಂದ್ರ ಸರಕಾರದವರೇ ತಡೆಹಿಡಿದು, ಕೂಗಾಟವೆದ್ದ ಮೇಲೆ 2010ರಲ್ಲಿ ಹಿಂದಕ್ಕೆ ಕೊಟ್ಟರು. ಉತ್ಪಾದನೆಯ ನಿಯಮಗಳನ್ನು ಪಾಲಿಸಿಲ್ಲವೆಂಬುದು ಕಾರಣ. ಮನೆ ಸೋರಿದರೆ ಹೊದಿಕೆ ಸರಿಮಾಡಿಸಬೇಕೇ ಹೊರತು ಮನೆಗೆ ಬೀಗ ಹಾಕುವುದೇ? 2022ರಲ್ಲಿ ದನಕರುಗಳಿಗೆ ಚರ್ಮಗಂಟು ರೋಗ ತಗಲಿ, ನಮ್ಮ ರೈತರ ಕೊಟ್ಟಿಗೆಗಳು ಬರಿದಾದಾಗ (ಅದೂ ಈ ಬಳಗದ್ದೇ, ಮನುಷ್ಯರಿಗೆ ಬಾರದು) ನಮ್ಮ ದೇಶದ ಪಶುವೈದ್ಯ ವಿಜ್ಞಾನಿಗಳೇ ಅದಕ್ಕೊಂದು ಲಸಿಕೆಯನ್ನು ಸಿದ್ಧಪಡಿಸಿದರು. ಆದಕಾರಣ ಬುದ್ಧಿಯ ಕೊರತೆಯೆಂದು ಯಾರೂ ಹೇಳುವಂತಿಲ್ಲ.

ಎಂಪಾಕ್ಸ್ ನಮ್ಮ ಹೊಸ್ತಿಲನ್ನು ಆಗಲೇ ದಾಟಿದೆ. 2022ರ ಜುಲೈಯಲ್ಲಿ ಕೇರಳದಲ್ಲಿ ಕಂಡು ಅದೇ ತಿಂಗಳು ಅಲ್ಲಿ ಒಬ್ಬ ತರುಣನ ಪ್ರಾಣ ತೆಗೆಯಿತು. 2025ರ ಜನವರಿಯಲ್ಲಿ ಮಂಗಳೂರಿನಲ್ಲಿ, ದುಬೈಯಿಂದ ಬಂದವರೊಬ್ಬರಲ್ಲಿ ಅದು ಇರುವುದನ್ನು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯವರು ದೃಢಪಡಿಸಿದರು. ಜನರು ಭಯಪಡಬೇಕಾದುದಿಲ್ಲ; ರೋಗಿಯ ನಿಕಟ ಸ್ಪರ್ಶದಿಂದಲ್ಲದೆ ಅದು ಸುಲಭವಾಗಿ ಹಬ್ಬದು. ರೋಗಿಯನ್ನು ಜಾತಿಯಿಂದಲೋ ನಡತೆಯಿಂದಲೋ ತೂಗಿ ಅವಮಾನಪಡಿಸುವವರು ಮಾತ್ರ ಅವನನ್ನು ಅಡಗಿಕೊಳ್ಳುವಂತೆ ಮಾಡಿ ರೋಗಕ್ಕೇ ಸಹಾಯಕರಾಗುತ್ತಾರೆ.

ಇಷ್ಟರಲ್ಲಿ ಸಿಡುಬಿನ ಬೀಜವು ಅಮೆರಿಕದ ಅಟ್ಲಾಂಟದಲ್ಲಿಯೂ ರಷ್ಯದ ಕೋಲ್ತ್ಸೋವೊದಲ್ಲಿಯೂ ಇನ್ನೂ ಭದ್ರವಾಗಿದೆ. ಅದನ್ನು 1999ರ ಜೂನ್ 30ರೊಳಗೆ ಸುಟ್ಟುಬಿಡಬೇಕೆಂದು ವಿಶ್ವ ಆರೋಗ್ಯ ಸಭೆಯು 1996ರಲ್ಲಿ ಗೊತ್ತುಪಡಿಸಿತ್ತು. ಅಂದಿನಿಂದ ಶೋಧನೆಯ ನೆಪದಲ್ಲಿ ವಾಯಿದೆ ಮುಂದಕ್ಕೆ ಹೋಗುತ್ತಲೇ ಇದೆ. ರೋಗದ ಬೀಜವೂ ಬಲಿಷ್ಠರಲ್ಲಿ, ಅದರ ಲಸಿಕೆಯೂ ಬಲಿಷ್ಠರಲ್ಲಿ. ರೋಗ ಮಾತ್ರ ಬಡವರಲ್ಲಿ.

ಹೊಸ ಲಸಿಕೆಯ ತಯಾರಿಕೆಯನ್ನು ಭಾರತಕ್ಕೆ ತರುವ ಒಡಂಬಡಿಕೆಯು ಪುಣೆಯ ಸೀರಂ ಸಂಸ್ಥೆಗೂ ಡೆನ್ಮಾರ್ಕಿನ ಕಂಪನಿಗೂ 2024ರ ನವೆಂಬರಿನಲ್ಲಿ ಆಯಿತು. ಅದು ಸಂತೋಷದ ವಾರ್ತೆ. ಆದರೆ ಖಾಸಗಿಯವರ ಒಡಂಬಡಿಕೆಯು ಲಾಭವಿರುವವರೆಗೆ ಮಾತ್ರ. ಕೇಂದ್ರ ಸರಕಾರದವರು ಸರಕಾರಿ ಕೇಂದ್ರವೊಂದಕ್ಕೂ ಈ ವಿದ್ಯೆಯನ್ನು ದೊರಕಿಸಿ, ತಯಾರಾದುದರಲ್ಲಿ ಒಂದು ಪಾಲನ್ನು ಆಫ್ರಿಕದ ರಾಷ್ಟ್ರಗಳಿಗೆ ಅಸಲು ಬೆಲೆಗೆ ಕೊಡುವೆವೆಂದು ಮೊದಲೇ ಸಾರಬೇಕು. ಬೆಂಗಳೂರಿನ ಸರಕಾರದವರು ಬೆಳಗಾವಿಯ ಹೆಸರನ್ನು ದೆಹಲಿಯಲ್ಲಿ ಮುಂದಿಡಬೇಕು. ಬರುವ ಅಧಿವೇಶನದಲ್ಲಿ ನಮ್ಮ ಲೋಕಸಭಾ ಸದಸ್ಯರು ಈ ಪ್ರಶ್ನೆಯನ್ನೆತ್ತುವರೆಂದು ನಿರೀಕ್ಷಿಸುತ್ತೇವೆ. ಎತ್ತಿದವರ ಹೆಸರನ್ನೂ ಸುಮ್ಮನಿದ್ದವರ ಹೆಸರನ್ನೂ ಇದೇ ಪುಟದಲ್ಲಿ ಅಚ್ಚುಮಾಡುವೆವು.