ಮುದ್ರೆಯಿಲ್ಲದ ತಕ್ಕಡಿ

ಅಣ್ಣಿಗೇರಿಯ ಪೇಟೆಗೆ ಕಡಲೆ ಒಯ್ದಾಗಲೆಲ್ಲ ನಮ್ಮ ಅಪ್ಪನು ಧಾರಣೆ ಕೇಳುವುದಕ್ಕೆ ಮೊದಲು ತಕ್ಕಡಿಯ ಮೇಲಿನ ಸರಕಾರಿ ಮುದ್ರೆಯನ್ನು ನೋಡುತ್ತಾನೆ. ಅಕ್ಷರ ಬಾರದ ರೈತನಿಗೂ ಇರುವ ಈ ಎಚ್ಚರವು ಮಕ್ಕಳ ರಕ್ತದ ಸಕ್ಕರೆಯನ್ನು ಅಳೆಯುವಲ್ಲಿಯೂ ಇರಬೇಕೆಂಬುದೇ ಈ ಚಿಕ್ಕ ಲೇಖನದ ಅಭಿಪ್ರಾಯ.

ನಮ್ಮ ಮನೆತನದಲ್ಲಿ ಕಾಲೇಜು ಕಂಡವನು ನಾನೊಬ್ಬನೇ. ಆದುದರಿಂದ ಆಸ್ಪತ್ರೆಯ ಚೀಟಿಗಳನ್ನು ಓದುವ ಕೆಲಸವು ನನ್ನ ಪಾಲಿನದು. ಕಳೆದ ಮಳೆಗಾಲದಲ್ಲಿ ಅಕ್ಕನ ನಾಲ್ಕು ವರುಷದ ಮಗನಿಗೆ ಎರಡು ದಿನ ವಾಂತಿಭೇದಿಯಾಗಿ, ಅವನನ್ನು ಆಸ್ಪತ್ರೆಗೆ ಒಯ್ದೆವು. ಹುಡುಗನು ಮೈಯೆಲ್ಲ ಬೆವತು, ಕಣ್ಣು ತೆರೆಯಲಾರದೆ ಮಲಗಿದ್ದನು. ಬೆರಳು ಚುಚ್ಚಿ ಗ್ಲುಕೋಮೀಟರಿಗೆ ಹಿಡಿದರು. 148 ಎಂದು ತೋರಿಸಿತು. ಸಕ್ಕರೆ ಸಾಕಷ್ಟಿದೆಯೆಂದು ಬರೆದುಕೊಂಡರು. ಅಷ್ಟರಲ್ಲಿ ಹಿರಿಯ ದಾದಿಯೊಬ್ಬರು ಹುಡುಗನ ಮುಖ ನೋಡಿ, “ಹುಡುಗನ ಕೈಯಾಗ ಏನರ ಕೊಟ್ಟಿದ್ದೇನವ್ವಾ?” ಎಂದು ಅಕ್ಕನನ್ನು ಕೇಳಿದರು. ದಾರಿಯಲ್ಲಿ ಅಕ್ಕನು ಬೆಲ್ಲದ ಚೂರು ಕೊಟ್ಟಿದ್ದಳು. ಅವರು ಕೈ ತೊಳೆದು, ಒರೆಸಿ, ಬೇರೆ ಬೆರಳು ಚುಚ್ಚಿದರು. ಈ ಸಲ 46! ಕೂಡಲೇ ಗ್ಲೂಕೋಸ್ ಏರಿಸಿದರು, ಹುಡುಗನು ಉಳಿದನು. ಬೆರಳಿಗಂಟಿದ ಬೆಲ್ಲವನ್ನೂ ಯಂತ್ರವು ರಕ್ತದ ಲೆಕ್ಕಕ್ಕೆ ಹಿಡಿದಿತ್ತು.

ಅಂದಿನಿಂದ ಈ ವಿಷಯವನ್ನು ಓದತೊಡಗಿದೆನು. ನಾನು ಕಲಾ ವಿಭಾಗದವನು. ತಪ್ಪಿದ್ದರೆ ಬಲ್ಲ ಗುರುಗಳು ತಿದ್ದಬೇಕು. 2013ರ ಐಎಸ್‌ಒ 15197 ಎಂಬ ಅಂತರರಾಷ್ಟ್ರೀಯ ಪ್ರಮಾಣದಂತೆ, ಸಕ್ಕರೆಯು ಡೆಸಿಲೀಟರಿಗೆ 100 ಮಿಲಿಗ್ರಾಮಿಗಿಂತ ಕಡಿಮೆಯಿದ್ದಲ್ಲಿ, ನೂರರಲ್ಲಿ 95 ಅಳತೆಗಳು 15 ಮಿಲಿಗ್ರಾಮಿನೊಳಗೆ ಹೆಚ್ಚುಕಡಿಮೆಯಾಗಿದ್ದರೂ ಮೀಟರು ಸರಿಯೆಂದೇ ಲೆಕ್ಕ. ಮನೆಯಲ್ಲಿ ತಾವೇ ಪರೀಕ್ಷಿಸಿಕೊಳ್ಳುವ ಸಕ್ಕರೆ ರೋಗಿಗಳಿಗಾಗಿ ಇದನ್ನು ಮಾಡಿದ್ದು. ಆದರೆ ನಿಜವಾಗಿ 50 ಇರುವ ಕೂಸಿಗೆ 65 ಎಂದು ತೋರಿಸಿದರೆ? ತೀರ ಸೊರಗಿದ ಮಕ್ಕಳಲ್ಲಿ 54ಕ್ಕಿಂತ ಕೆಳಗಿಳಿದರೆ ಅಪಾಯವೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಅಂದರೆ ಸರಿಯಾದ ಮೀಟರೇ ಅಪಾಯವನ್ನು ಮರೆಮಾಡಬಲ್ಲದು.

ಇನ್ನೊಂದು ತೊಡಕುಂಟು. ರಕ್ತಹೀನತೆಯಿದ್ದಲ್ಲಿ ಅನೇಕ ಮೀಟರುಗಳು ಇದ್ದುದಕ್ಕಿಂತ ಹೆಚ್ಚು ತೋರಿಸುತ್ತವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಕರ್ನಾಟಕದಲ್ಲಿ ಆರು ತಿಂಗಳಿನಿಂದ ಐದು ವರುಷದೊಳಗಿನ ನೂರು ಮಕ್ಕಳಲ್ಲಿ ಸುಮಾರು 65 ಮಕ್ಕಳು ರಕ್ತಹೀನರು. ಯಾರಿಗೆ ನಿಜವಾದ ಅಳತೆ ಹೆಚ್ಚು ಬೇಕೋ ಅವರಿಗೇ ತಪ್ಪು ಅಳತೆ ದೊರೆಯುವ ಭಯವಿದೆ.

ಹಾಗಾದರೆ ಮೀಟರನ್ನು ಬಿಸುಟು ಎಲ್ಲ ರಕ್ತವನ್ನೂ ಹುಬ್ಬಳ್ಳಿಯ ಪ್ರಯೋಗಾಲಯಕ್ಕೆ ಕಳಿಸೋಣವೇ ಎಂದು ಕೆಲವರು ಕೇಳಬಹುದು. ಅದು ಸಲ್ಲದು. ಕಲಘಟಗಿಯ ಕಾಡಂಚಿನಿಂದ ಬಂದ ಕೂಸಿಗೆ ಅಷ್ಟು ವೇಳೆಯಿಲ್ಲ. ತಡವಾದರೆ ನಳಿಕೆಯಲ್ಲಿಯ ರಕ್ತಕಣಗಳೇ ಸಕ್ಕರೆಯನ್ನು ಕರಗಿಸುತ್ತವೆ. ಮೀಟರು ಇರಲಿ, ಅದಕ್ಕೆ ಕಾವಲೂ ಇರಲಿ. ಚುಚ್ಚುವ ಮೊದಲು ಬೆರಳನ್ನು ನೀರಿನಿಂದ ತೊಳೆದು ಒಣಗಿಸಬೇಕು. ಸ್ಪಿರಿಟಿನ ಹತ್ತಿಯೊಂದೇ ಸಾಲದು. ಪಟ್ಟಿಗಳ ಡಬ್ಬಿಯನ್ನು ಬಿಗಿಯಾಗಿ ಮುಚ್ಚಿ, ಅವಧಿಯ ತಾರೀಖು ನೋಡಬೇಕು. ಸಕ್ಕರೆಯ ಅಳತೆ ಗೊತ್ತಿರುವ ಪರೀಕ್ಷಾ ದ್ರಾವಣದಿಂದ ಪ್ರತಿದಿನ ಮೀಟರನ್ನು ಪರೀಕ್ಷಿಸಿ ಪುಸ್ತಕದಲ್ಲಿ ಬರೆಯಬೇಕು. ಕೂಸಿನ ಸ್ಥಿತಿಗೂ ಅಂಕಿಗೂ ತಾಳೆಯಾಗದಿದ್ದರೆ ಮತ್ತೆ ಅಳೆದು, ಪ್ರಯೋಗಾಲಯಕ್ಕೂ ರಕ್ತ ಕಳಿಸಿ, ಉತ್ತರ ಬರುವವರೆಗೆ ಕಾಯದೆ ಉಪಚರಿಸಬೇಕು.

ವಿದ್ಯಾರ್ಥಿ ಮಿತ್ರರೇ, ನಮ್ಮಲ್ಲಿ ಬಹಳ ಜನರು ಓಣಿಯವರೊಡನೆ ಆಸ್ಪತ್ರೆಗೆ ಹೋಗುವವರೇ. ಇನ್ನು ಮುಂದೆ ಹೋದಾಗ ಚೀಟಿ ಓದಿ ಸುಮ್ಮನಾಗದೆ, “ಕೂಸಿನ ಕೈ ತೊಳೆದು ನೋಡಿದಿರಾ?” ಎಂದು ವಿನಯದಿಂದ ಒಂದು ಮಾತು ಕೇಳೋಣ.