ಪಡಿತರ ಅಕ್ಕಿ ಮಾರಿದ ಮನೆಯಾಕೆ ಅಪರಾಧಿಯೇ?

ಪಡಿತರ ಅಕ್ಕಿ ಮಾರಿದರೆ ಕಾರ್ಡು ರದ್ದಾಗುತ್ತದೆ ಎಂಬ ಎಚ್ಚರಿಕೆ ರಾಜ್ಯದಲ್ಲಿ ಆಗಾಗ ಕೇಳಿಬರುತ್ತದೆ. 'ಸರಕಾರ ಪುಕ್ಕಟೆ ಕೊಟ್ಟದ್ದನ್ನು ಮಾರಿಕೊಳ್ಳುತ್ತಾರೆ' ಎಂಬ ಮಾತನ್ನು ನಮ್ಮ ಚರ್ಚಿನ ಅಂಗಳದಲ್ಲೂ ಕೇಳುತ್ತೇವೆ. ಈ ಮಾತನ್ನು ತುಸು ಬಿಡಿಸಿ ನೋಡುವುದು ಒಳ್ಳೆಯದು.

2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಂತೆ ಆದ್ಯತಾ ಕುಟುಂಬದ ಪ್ರತಿ ಸದಸ್ಯರಿಗೆ ತಿಂಗಳಿಗೆ 5 ಕಿಲೋ ಧಾನ್ಯ ಸಲ್ಲಬೇಕು. 2023ರಲ್ಲಿ ರಾಜ್ಯ ಸರಕಾರ ಅನ್ನಭಾಗ್ಯದಡಿ ಇನ್ನೂ 5 ಕಿಲೋ ಘೋಷಿಸಿತು. ಭಾರತ ಆಹಾರ ನಿಗಮದಿಂದ ಅಕ್ಕಿ ಸಿಗದಿದ್ದಾಗ, ಆ ಜುಲೈಯಿಂದ ಕಿಲೋಗೆ 34 ರೂಪಾಯಿಯಂತೆ ತಲಾ 170 ರೂಪಾಯಿ ಬ್ಯಾಂಕ್ ಖಾತೆಗೆ ಹಾಕಿತು. 2025ರ ಫೆಬ್ರವರಿಯಿಂದ ಹಣದ ಬದಲು ಅಕ್ಕಿಯನ್ನೇ ಕೊಡುವ ತೀರ್ಮಾನವಾಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ, ಹೆಚ್ಚುವರಿ ಅಕ್ಕಿಯ ಬದಲು ಬೇಳೆ, ಎಣ್ಣೆ, ಸಕ್ಕರೆ, ಉಪ್ಪು ಇರುವ 'ಇಂದಿರಾ ಆಹಾರ ಕಿಟ್' ಕೊಡಲು ಸಚಿವ ಸಂಪುಟ ಒಪ್ಪಿತು. ಅಕ್ಕಿ ಕಾಳಸಂತೆಗೆ ಹೋಗದಂತೆ ತಡೆಯುವುದು ಇದರ ಒಂದು ಉದ್ದೇಶ.

ಎರಡು ವರ್ಷಗಳಲ್ಲಿ ಮೂರು ತೀರ್ಮಾನಗಳು. ಮನೆಯಾಕೆಗೆ ಏನು ಬೇಕು ಎಂದು ಕೇಳಿದವರು ಯಾರು?

ಭಟ್ಕಳ, ಹೊನ್ನಾವರ, ಕುಮಟಾದ ಮನೆಗಳಲ್ಲಿ ಗಂಜಿಗೆ ಕುಚ್ಚಲಕ್ಕಿಯೇ ಬೇಕು. ಪಡಿತರದಲ್ಲೂ ಅದನ್ನೇ ಕೊಡಿ ಎಂಬುದು ಕರಾವಳಿಯ ಹಳೆಯ ಬೇಡಿಕೆ. ಬೆಳ್ತಿಗೆ ಅಕ್ಕಿ ಸಿಕ್ಕಾಗ ಅದನ್ನು ಕೊಟ್ಟು ಕುಚ್ಚಲಕ್ಕಿ ತರುವವರು ವ್ಯಾಪಾರಿಗಳಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಬೋಟುಗಳು ಕಡಲಿಗಿಳಿಯುವಂತಿಲ್ಲ. ಶಾಲೆ ತೆರೆಯುವುದೂ ಆ ಹೊತ್ತಿಗೇ. ಮನೆಯಲ್ಲಿ ಅಕ್ಕಿ ಇದ್ದರೂ ಮದ್ದಿಗೆ, ಪುಸ್ತಕಕ್ಕೆ, ಬಸ್ಸಿಗೆ ಕೈಯಲ್ಲಿ ಕಾಸು ಬೇಡವೇ?

ಹಾಗೆಂದು ಹಣವೇ ಪರಿಹಾರ ಎನ್ನಲಾಗದು. ಐದು ಜನರ ಮನೆಗೆ ಬರುತ್ತಿದ್ದುದು 850 ರೂಪಾಯಿ. ಅಂಗಡಿಯಲ್ಲಿ ಅಕ್ಕಿ ಕಿಲೋಗೆ 50 ರೂಪಾಯಿ ಎಂದಿಟ್ಟುಕೊಂಡರೆ, 25 ಕಿಲೋ ಸಿಗಬೇಕಾದಲ್ಲಿ ಸಿಗುವುದು 17 ಕಿಲೋ. ಬೆಲೆ ಏರಿದಂತೆ ಹಣ ಕರಗುತ್ತದೆ, ಅಕ್ಕಿ ಕರಗದು. ಹಣ ಸಾರಾಯಿ ಅಂಗಡಿ ಸೇರೀತು ಎಂಬ ತಾಯಂದಿರ ಭಯವೂ ಸುಳ್ಳಲ್ಲ.

ಈ ಚರ್ಚೆ ನಮ್ಮಲ್ಲಿ ಮಾತ್ರ ಇಲ್ಲ. ಅಮೆರಿಕದ ಸರಕಾರಿ ಆಹಾರ ನೆರವಿನಲ್ಲಿ ಮದ್ಯ, ತಂಬಾಕು ಕೊಳ್ಳುವಂತಿಲ್ಲ. 2025ರಲ್ಲಿ ನೆಬ್ರಾಸ್ಕಾ ಮೊದಲಾದ ರಾಜ್ಯಗಳು ಸೋಡಾ ಪಾನೀಯಗಳನ್ನೂ ನಿರ್ಬಂಧಿಸಲು ಅನುಮತಿ ಪಡೆದವು. ನಮ್ಮದೇ ಗೃಹಲಕ್ಷ್ಮಿಯ ದಾರಿ ಬೇರೆ. 2023ರ ಆಗಸ್ಟ್‌ನಲ್ಲಿ ಆರಂಭವಾದ ಈ ಯೋಜನೆಯಲ್ಲಿ ಮನೆಯೊಡತಿಗೆ ತಿಂಗಳಿಗೆ 2000 ರೂಪಾಯಿ. ಲೆಕ್ಕ ಕೇಳುವವರಿಲ್ಲ. ಕಂತುಗಳು ತಡವಾದವೆಂಬ ದೂರು ಬಂದಿದೆ ನಿಜ, ಆದರೆ ಆ ವಿಳಂಬಕ್ಕೆ ಹೆಂಗಸರು ಹೊಣೆಯಲ್ಲ. ಹಣದ ವಿಷಯದಲ್ಲಿ ಆಕೆಯನ್ನು ನಂಬುವ ಸರಕಾರ, ಅಕ್ಕಿಯ ವಿಷಯದಲ್ಲಿ ಅದೇ ಆಕೆಯನ್ನು ಶಂಕಿಸುವುದೇಕೆ?

ಲಾರಿಗಟ್ಟಲೆ ಅಕ್ಕಿ ಸಾಗಿಸುವವರನ್ನು ಹಿಡಿಯಲೇಬೇಕು. ಆದರೆ ಐದಾರು ಕಿಲೋ ಕೊಟ್ಟು ಮದ್ದು ತಂದವಳನ್ನು ಅವರ ಸಾಲಿನಲ್ಲಿ ನಿಲ್ಲಿಸುವುದು ನ್ಯಾಯವಲ್ಲ. ಆಕೆಯ ಕಾರ್ಡು ರದ್ದಾದರೆ ಶಿಕ್ಷೆ ಮಕ್ಕಳ ತಟ್ಟೆಗೆ. ಕರಾವಳಿಗೆ ಕುಚ್ಚಲಕ್ಕಿ ಕೊಡಲಿ, ಮಳೆಗಾಲದ ಎರಡು ತಿಂಗಳು ಹೆಚ್ಚುವರಿ ಪಾಲನ್ನು ಹಣವಾಗಿ ಪಡೆಯುವ ಆಯ್ಕೆ ಮನೆಯಾಕೆಗೇ ಇರಲಿ. ಆಗ ಮಾರುವ ಅಗತ್ಯವೇ ಕಡಿಮೆಯಾಗುತ್ತದೆ.

ನಮ್ಮ ಧರ್ಮಕೇಂದ್ರಗಳಲ್ಲೂ ಬಡವರಿಗೆ ಅಕ್ಕಿ ಚೀಲ ಹಂಚುತ್ತೇವೆ. ಮುಂದಿನ ಸಲ ಕೊಡುವ ಮೊದಲು 'ನಿಮಗೆ ಏನು ಬೇಕು?' ಎಂದು ಕೇಳೋಣ. ಕೊಡುವ ಕೈಗೆ ಅಷ್ಟು ವಿನಯ ಇರಬೇಕಲ್ಲವೇ?